ಹೊಸ ಲ್ಯಾಪ್‌ಟಾಪಿಗೆ ಯಾವ ಡ್ರೈವ್? ಬೆಲೆಯೇರಿಕೆಯ ಕಾಲದಲ್ಲೊಂದು ವಿಚಾರ

ಆಸ್ಟ್ರೇಲಿಯಾದಲ್ಲಿ ಶಾಲಾ ವರ್ಷ ಆರಂಭವಾಗುವುದು ಜನವರಿಯ ಕೊನೆಯಲ್ಲಿ. ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ರಾಜ್ಯಗಳ ಬಹಳಷ್ಟು ಪ್ರೌಢಶಾಲೆಗಳು ಮಕ್ಕಳು ತಮ್ಮದೇ ಲ್ಯಾಪ್‌ಟಾಪನ್ನು ತರಬೇಕೆಂದು ಕೇಳುವುದರಿಂದ, ಸಿಡ್ನಿಯ ಪ್ಯಾರಮಟ್ಟಾ, ಬ್ಲ್ಯಾಕ್‌ಟೌನ್‌ಗಳಲ್ಲಾಗಲಿ ಮೆಲ್ಬರ್ನಿನ ಕ್ಲೇಟನ್, ವೆರಿಬೀಗಳಲ್ಲಾಗಲಿ ಆ ಹೊತ್ತಿಗೆ ಕನ್ನಡದ ಮನೆಗಳಲ್ಲಿ ಇದೇ ಮಾತು. ಈ ಬಾರಿ ಇನ್ನೂ ಒಂದು ಕಾರಣ ಸೇರಿಕೊಂಡಿದೆ. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಏಳೆಂಟು ವರ್ಷ ಚೆನ್ನಾಗಿಯೇ ದುಡಿದ ಯಂತ್ರಗಳು ವಿಂಡೋಸ್ 11ರ ನಿಯಮಗಳಿಗೆ ಹೊಂದದೆ ಮೂಲೆ ಸೇರುತ್ತಿವೆ. ಹೊಸತನ್ನು ಕೊಳ್ಳಲೇಬೇಕಾದವರ ಸಂಖ್ಯೆ ಹೆಚ್ಚಿರುವ ಈ ಕಾಲದಲ್ಲೇ, ಲ್ಯಾಪ್‌ಟಾಪಿನ ಒಳಗಿನ ಸಂಗ್ರಹ ಡ್ರೈವಿನ ಬೆಲೆ ಏರತೊಡಗಿದೆ.

ಹತ್ತು ವರ್ಷಗಳಿಂದ ನಮಗೆ ಅಭ್ಯಾಸವಾಗಿದ್ದುದು ಇದಕ್ಕೆ ವಿರುದ್ಧವಾದ ಸ್ಥಿತಿ. ಇಂದು ದುಬಾರಿ ಎನಿಸಿದ ಡ್ರೈವು ಮುಂದಿನ ವರ್ಷ ಅಗ್ಗವಾಗುತ್ತದೆ, ಆದ್ದರಿಂದ ಕಾಯುವುದೇ ಜಾಣತನ ಎಂಬ ಲೆಕ್ಕ ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ಆ ಲೆಕ್ಕ ಈಗ ನಡೆಯದಿರುವುದೇಕೆ ಎಂಬುದನ್ನು ಮೊದಲು ನೋಡಬೇಕು. ಯಾವ ಡ್ರೈವನ್ನು ಆರಿಸಬೇಕೆಂಬ ಪ್ರಶ್ನೆಗೆ ಉತ್ತರ ಭಾಗಶಃ ಅಲ್ಲಿದೆ.

ಇಂದಿನ ಎಲ್ಲ ಎಸ್‌ಎಸ್‌ಡಿಗಳ ಒಡಲಲ್ಲಿರುವುದು ನ್ಯಾಂಡ್ ಎಂಬ ಬಗೆಯ ಫ್ಲ್ಯಾಶ್ ಮೆಮೊರಿ. ಜಪಾನಿನ ತೋಶಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ರೂಪಿಸಿದ ತಂತ್ರ ಇದು. ಅಂಗಡಿಯ ಗೋಡೆಯ ಮೇಲೆ ಇಪ್ಪತ್ತು ಹೆಸರುಗಳು ಕಂಡರೂ ಈ ಚಿಪ್ಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವವರು ಬೆರಳೆಣಿಕೆಯವರು: ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಜಪಾನಿನ ಕಿಯೋಕ್ಸಿಯಾ, ಅಮೆರಿಕದ ಮೈಕ್ರಾನ್ ಹಾಗೂ ಸ್ಯಾನ್‌ಡಿಸ್ಕ್, ಇವರ ಜೊತೆಗೆ ಚೀನಾದ ವೈಎಂಟಿಸಿ. ಉಳಿದವರು ಇವರಿಂದ ಚಿಪ್ಪು ಕೊಂಡು ಡ್ರೈವು ಜೋಡಿಸುವವರು. 2023ರಲ್ಲಿ ಬೆಲೆ ಪಾತಾಳಕ್ಕಿಳಿದು ಈ ಕಂಪನಿಗಳು ಭಾರಿ ನಷ್ಟ ಅನುಭವಿಸಿದವು, ಉತ್ಪಾದನೆಯನ್ನು ಕಡಿತಗೊಳಿಸಿದವು. ಆ ಗಾಯ ಮಾಯುವ ಮುನ್ನವೇ ಕೃತಕ ಬುದ್ಧಿಮತ್ತೆಯ ಬೇಡಿಕೆ ಬಂದಿತು. ದತ್ತಾಂಶ ಕೇಂದ್ರಗಳಿಗೆ ಬೇಕಾದ ದೊಡ್ಡ ಹಾರ್ಡ್ ಡಿಸ್ಕುಗಳೂ ಸಾಲದೆ ಹೋದಾಗ, ಆ ಕೇಂದ್ರಗಳು ಎಸ್‌ಎಸ್‌ಡಿಗಳತ್ತ ಹೊರಳಿದವು. ತಯಾರಕರಿಗೆ ಹೆಚ್ಚಿನ ಲಾಭ ಇರುವುದೂ ಅಲ್ಲಿಯೇ.

2025ರ ಡಿಸೆಂಬರ್ 3ರಂದು ಮೈಕ್ರಾನ್ ಮಾಡಿದ ಪ್ರಕಟಣೆ ಈ ಹೊರಳುವಿಕೆಯ ಅತ್ಯಂತ ಸ್ಪಷ್ಟ ಗುರುತು. ಸುಮಾರು ಮೂರು ದಶಕಗಳಿಂದ ಗೃಹಬಳಕೆದಾರರಿಗೆ ಪರಿಚಿತವಾಗಿದ್ದ ತನ್ನ ಕ್ರೂಷಿಯಲ್ ಎಂಬ ಬ್ರ್ಯಾಂಡನ್ನು ಕೈಬಿಡುವುದಾಗಿಯೂ, 2026ರ ಫೆಬ್ರುವರಿಯವರೆಗೆ ಮಾತ್ರ ಸರಬರಾಜು ಮಾಡುವುದಾಗಿಯೂ ಅದು ಹೇಳಿತು. ಕಾರಣವನ್ನು ಮುಚ್ಚಿಡಲಿಲ್ಲ: ವೇಗವಾಗಿ ಬೆಳೆಯುತ್ತಿರುವ ಕ್ಷೇತ್ರಗಳ ದೊಡ್ಡ ಗಿರಾಕಿಗಳಿಗೆ ಚಿಪ್ಪು ಬೇಕು. ಅಗ್ಗವೂ ನಂಬಿಕಸ್ಥವೂ ಆಗಿದ್ದ ಡ್ರೈವನ್ನು ಹುಡುಕುವ ನಮ್ಮಂಥವರಿಗೆ ಕ್ರೂಷಿಯಲ್ ಮೊದಲ ಆಯ್ಕೆಗಳಲ್ಲೊಂದಾಗಿತ್ತು. ಅಂಗಡಿಯಲ್ಲಿ ಉಳಿದಿರುವ ಕ್ರೂಷಿಯಲ್ ಡ್ರೈವುಗಳನ್ನು ಕೊಳ್ಳಲು ಹಿಂಜರಿಯಬೇಕಿಲ್ಲ. ಖಾತರಿ ಸೇವೆಯನ್ನು ಮುಂದುವರಿಸುವುದಾಗಿ ಕಂಪನಿ ತಿಳಿಸಿದೆ.

ಆ ‘ದೊಡ್ಡ ಗಿರಾಕಿಗಳು’ ಎಲ್ಲೋ ಕ್ಯಾಲಿಫೋರ್ನಿಯಾದಲ್ಲಿ ಇದ್ದಾರೆಂದು ಭಾವಿಸಬೇಕಾಗಿಲ್ಲ. ಬ್ಲ್ಯಾಕ್‌ಟೌನಿನ ಪಕ್ಕದ ಹಂಟಿಂಗ್‌ವುಡ್‌ನಲ್ಲಿ, ಮೆಲ್ಬರ್ನಿನ ಪಶ್ಚಿಮದ ಡೆರಿಮಟ್‌ನಲ್ಲಿ, ಏರ್‌ಟ್ರಂಕ್ ಸಂಸ್ಥೆಯ ಕಿಟಕಿಯಿಲ್ಲದ ಬೃಹತ್ ಕಟ್ಟಡಗಳಿವೆ. 2024ರಲ್ಲಿ ಬ್ಲ್ಯಾಕ್‌ಸ್ಟೋನ್ ಈ ಸಂಸ್ಥೆಯನ್ನು 24 ಶತಕೋಟಿ ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚು ಬೆಲೆಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. 2025ರ ಜೂನ್‌ನಲ್ಲಿ ಅಮೆಜಾನ್, 2029ರವರೆಗೆ ಆಸ್ಟ್ರೇಲಿಯಾದ ದತ್ತಾಂಶ ಕೇಂದ್ರಗಳಲ್ಲಿ 20 ಶತಕೋಟಿ ಡಾಲರ್ ಹೂಡುವುದಾಗಿ ಘೋಷಿಸಿತು. ಟಾರ್ನೀಟ್, ಟ್ರುಗನೀನಾಗಳಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಕನ್ನಡಿಗರು ಕೆಲಸಕ್ಕೆ ಹೋಗುವ ದಾರಿಯಲ್ಲಿ ಕಾಣುವ ಈ ಕಟ್ಟಡಗಳೂ, ಮಗನ ಶಾಲೆಗೆ ಕೊಳ್ಳುವ ಲ್ಯಾಪ್‌ಟಾಪೂ ಒಂದೇ ಕಣಜದಿಂದ ಕಾಳು ಕೇಳುತ್ತಿವೆ. ಯಾರಿಗೆ ಮೊದಲು ಅಳೆಯುತ್ತಾರೆಂಬುದನ್ನು ಹೇಳಬೇಕಾಗಿಲ್ಲ.

ಹಾಗಾದರೆ ಇದು ಎಷ್ಟು ಕಾಲ? ಭವಿಷ್ಯ ನುಡಿಯುವುದು ಈ ಲೇಖನದ ಕೆಲಸವಲ್ಲ. ಆದರೆ ಒಂದು ಪೂರ್ವನಿದರ್ಶನವಿದೆ. 2011ರ ಅಕ್ಟೋಬರ್‌ನಲ್ಲಿ ಥಾಯ್ಲೆಂಡಿನ ಪ್ರವಾಹ ವೆಸ್ಟರ್ನ್ ಡಿಜಿಟಲ್ ಕಾರ್ಖಾನೆಯನ್ನು ಮುಳುಗಿಸಿದಾಗ ಹಾರ್ಡ್ ಡಿಸ್ಕಿನ ಬೆಲೆ ಕೆಲವೇ ವಾರಗಳಲ್ಲಿ ಬಹುತೇಕ ಇಮ್ಮಡಿಯಾಯಿತು. ನೀರು ಬೇಗ ಇಳಿಯಿತು, ಬೆಲೆ ಅಷ್ಟು ಬೇಗ ಇಳಿಯಲಿಲ್ಲ. ಅಲ್ಲಿ ಕೆಟ್ಟದ್ದು ಕಾರ್ಖಾನೆ. ಅದನ್ನು ದುರಸ್ತಿ ಮಾಡಬಹುದಿತ್ತು. ಈಗಿನದು ಬೇಡಿಕೆಯ ಪ್ರವಾಹ. ಹೊಸ ಚಿಪ್ ಕಾರ್ಖಾನೆಯನ್ನು ಕಟ್ಟಿ ಚಾಲನೆಗೆ ತರಲು ವರ್ಷಗಳೇ ಬೇಕು. ಆದ್ದರಿಂದ ಜೂನ್ ತಿಂಗಳ ವರ್ಷಾಂತ್ಯದ ಮಾರಾಟದಲ್ಲಿ ಎಲ್ಲವೂ ಸರಿಹೋಗುತ್ತದೆಂದು ಕಾಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಗಾಬರಿಬಿದ್ದು ಇಂದೇ ಎರಡು ಟೆರಾಬೈಟಿನ ಯಂತ್ರವನ್ನು ಕೊಂಡುಬಿಡುವುದರಲ್ಲಿಯೂ ಇಲ್ಲ. ನನ್ನ ಅಭಿಪ್ರಾಯದಲ್ಲಿ ಸರಿಯಾದ ದಾರಿ ಮೂರನೆಯದು: ಡ್ರೈವನ್ನು ಬದಲಿಸಲು ಬರುವಂತಹ ಲ್ಯಾಪ್‌ಟಾಪನ್ನು ಆರಿಸಿ, ಒಳಗಿನ ಡ್ರೈವನ್ನು ಸಾಧಾರಣ ಗಾತ್ರದ್ದನ್ನೇ ಇಟ್ಟುಕೊಂಡು, ಉಳಿದ ಹಣವನ್ನು ಪ್ರತಿಗಳಿಗಾಗಿ ಖರ್ಚು ಮಾಡುವುದು.

ಬೆಸುಗೆಯೋ, ತಿರುಪೋ?

ಅಂಗಡಿಯ ಫಲಕದಲ್ಲಿ ‘512 ಜಿಬಿ ಎಸ್‌ಎಸ್‌ಡಿ’ ಎಂದಷ್ಟೇ ಬರೆದಿರುತ್ತದೆ. ಆ ಡ್ರೈವು ತಾಯಿಹಲಗೆಗೆ ಬೆಸೆದದ್ದೋ, ಒಂದು ತಿರುಪು ಸಡಿಲಿಸಿ ಹೊರತೆಗೆಯಬಹುದಾದದ್ದೋ ಎಂಬುದನ್ನು ಅದು ಹೇಳುವುದಿಲ್ಲ. ಇಂದಿನ ಮಾರುಕಟ್ಟೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ. ತೆಗೆಯಬಹುದಾದ ಡ್ರೈವುಗಳು ಎಂ.2 ಎಂಬ ಮಾದರಿಯವು; ಚೂಯಿಂಗ್ ಗಮ್ ಪಟ್ಟಿಯಷ್ಟು ಅಗಲ, ಅಂದರೆ 22 ಮಿಲಿಮೀಟರ್. ಉದ್ದ ಸಾಮಾನ್ಯವಾಗಿ 80 ಮಿ.ಮೀ., ಸಣ್ಣ ಯಂತ್ರಗಳಲ್ಲಿ 30 ಅಥವಾ 42. ಹೆಸರಿನಲ್ಲಿಯೇ ಇದು ಅಡಗಿದೆ: 2280 ಎಂದರೆ ಎಂಬತ್ತರದ್ದು, 2230 ಎಂದರೆ ಮೂವತ್ತರದ್ದು. ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ಎರಡೂ ಬದಿಗೆ ಚಿಪ್ಪುಗಳಿರುವ ಡ್ರೈವು ಹಿಡಿಸದೆ ಹೋಗಬಹುದು, ಇದನ್ನೂ ವಿಚಾರಿಸಬೇಕು. ತಯಾರಕರ ಜಾಲತಾಣದಲ್ಲಿ ಆಯಾ ಮಾದರಿಯ ದುರಸ್ತಿ ಕೈಪಿಡಿ ದೊರೆಯುವುದಾದರೆ ಅದನ್ನು ತೆರೆದು ನೋಡುವುದು ಮಾರಾಟಗಾರರ ಮಾತಿಗಿಂತ ಮೇಲು. ಎರಡನೆಯ ಎಂ.2 ಕಿಂಡಿ ಖಾಲಿ ಇರುವ ಯಂತ್ರ ಸಿಕ್ಕರೆ ಅದು ಭಾಗ್ಯ. ಬೆಲೆ ಇಳಿದ ದಿನ ಎರಡನೆಯ ಡ್ರೈವನ್ನು ಸೇರಿಸಬಹುದು.

ಆಪಲ್‌ನ ಮ್ಯಾಕ್‌ಬುಕ್‌ಗಳಲ್ಲಿ ಈ ಆಯ್ಕೆಯೇ ಇಲ್ಲ. ಕೊಳ್ಳುವ ದಿನ ಆರಿಸಿದ ಗಾತ್ರ ಕಡೆಯವರೆಗೂ ಅದೇ. ಅಲ್ಲಿ ಕನಿಷ್ಠ ಗಾತ್ರಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ಆರಿಸುವುದು ಲೇಸು. 2022ರ ಎಂ2 ಮ್ಯಾಕ್‌ಬುಕ್ ಏರ್‌ನಲ್ಲಿ 256 ಜಿಬಿ ಮಾದರಿಗೆ ಒಂದೇ ಚಿಪ್ಪನ್ನು ಹಾಕಿದ್ದರಿಂದ ಅದರ ಡ್ರೈವು 512 ಜಿಬಿ ಮಾದರಿಗಿಂತ ಬಹಳ ನಿಧಾನವಾಗಿದ್ದುದು ಆಗ ದೊಡ್ಡ ಸುದ್ದಿಯಾಗಿತ್ತು. ಇನ್ನು ತೀರ ಅಗ್ಗದ ಶಾಲಾ ಲ್ಯಾಪ್‌ಟಾಪುಗಳಲ್ಲಿ ‘ಇಎಂಎಂಸಿ’ ಎಂದು ಬರೆದಿದ್ದರೆ, ಅದೂ ಬೆಸೆದದ್ದೇ, ಮೇಲಾಗಿ ನಿಧಾನ. 64 ಜಿಬಿಯ ಇಎಂಎಂಸಿ ಯಂತ್ರದಲ್ಲಿ ವಿಂಡೋಸ್‌ನ ಪರಿಷ್ಕರಣೆಗಳಿಗೇ ಜಾಗ ಸಾಲದೆ ಮಗುವಿಗೂ ತಂದೆಗೂ ಕಣ್ಣೀರು ಬರುವುದನ್ನು ಕಂಡಿದ್ದೇನೆ.

ವೇಗದ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ. ಹಳೆಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಮೆಗಾಬೈಟಿನಷ್ಟು ಓದಿದರೆ, ಪಿಸಿಐಇ ನಾಲ್ಕನೆಯ ಪೀಳಿಗೆಯ ಎನ್‌ವಿಎಂಇ ಡ್ರೈವು 7,000 ಮೆಗಾಬೈಟ್ ಮುಟ್ಟುತ್ತದೆ, ಐದನೆಯ ಪೀಳಿಗೆಯದು ಅದರ ಇಮ್ಮಡಿಯ ಹತ್ತಿರ. ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದಾಗ ಅನುಭವಕ್ಕೆ ಬಂದ ವ್ಯತ್ಯಾಸ ಇಲ್ಲಿ ಬರುವುದಿಲ್ಲ. ಪತ್ರ ಬರೆಯಲು, ಮನೆಯಿಂದ ಕಚೇರಿ ಕೆಲಸ ಮಾಡಲು, ಕನ್ನಡ ಸಿನೆಮಾ ನೋಡಲು ಐದನೆಯ ಪೀಳಿಗೆಯ ಡ್ರೈವು ಕೊಡುವುದು ಹೆಚ್ಚಿನ ಬಿಸಿಯನ್ನು ಮಾತ್ರ.

ಬಾಳಿಕೆಯ ಬಗ್ಗೆ ಇರುವ ಭಯವೂ ಅಷ್ಟೇ ಅತಿಯಾದದ್ದು. ಒಂದು ಕೋಶದಲ್ಲಿ ಮೂರು ಬಿಟ್ ಹಿಡಿಯುವ ಟಿಎಲ್‌ಸಿ ಡ್ರೈವು ಒಂದು ಟೆರಾಬೈಟಿನ ಗಾತ್ರಕ್ಕೆ ಸಾಮಾನ್ಯವಾಗಿ 600 ಟೆರಾಬೈಟ್ ಬರೆಯುವ ಭರವಸೆ ನೀಡುತ್ತದೆ. ನಾಲ್ಕು ಬಿಟ್ ತುಂಬುವ ಅಗ್ಗದ ಕ್ಯೂಎಲ್‌ಸಿಯಲ್ಲಿ ಇದು 220ರಷ್ಟಕ್ಕೂ ಇಳಿಯುತ್ತದೆ. ದಿನಕ್ಕೆ 20 ಗಿಗಾಬೈಟ್ ಬರೆಯುವ ಮನೆ ಎಂದಿಟ್ಟುಕೊಂಡರೂ 220 ಟೆರಾಬೈಟ್ ಮುಗಿಯಲು 30 ವರ್ಷ ಬೇಕು. ಕ್ಯೂಎಲ್‌ಸಿಯ ನಿಜವಾದ ದೋಷ ಬೇರೆ: ಡ್ರೈವು ತುಂಬುತ್ತ ಬಂದಂತೆ, ದೊಡ್ಡ ಕಡತಗಳನ್ನು ಒಂದೇ ಸಲಕ್ಕೆ ಸುರಿಯುವಾಗ ಅದು ಹಾರ್ಡ್ ಡಿಸ್ಕಿಗಿಂತಲೂ ನಿಧಾನವಾಗಬಲ್ಲದು. ವಿಡಿಯೊ ಸಂಕಲನ ಮಾಡುವವರು ಟಿಎಲ್‌ಸಿಗೆ ಹೆಚ್ಚು ಕೊಡುವುದು ಸರಿ. ಉಳಿದವರು ಬೆಲೆ ನೋಡಿ ನಿರ್ಧರಿಸಬಹುದು.

ಗಾತ್ರಕ್ಕೆ ಒಂದು ಲೆಕ್ಕ. ಒಂದು ಟೆರಾಬೈಟ್ ಎಂದು ಕೊಂಡದ್ದು ವಿಂಡೋಸ್‌ನಲ್ಲಿ 931 ಜಿಬಿ ಎಂದು ತೋರುತ್ತದೆ; ಮೋಸವಲ್ಲ, ಎಣಿಕೆಯ ಕ್ರಮ ಬೇರೆ. ಐಫೋನಿನಲ್ಲಿ ನಾಲ್ಕು-ಕೆ ಗುಣಮಟ್ಟದ ವಿಡಿಯೊ, ಸೆಕೆಂಡಿಗೆ 30 ಚಿತ್ರಗಳಂತೆ, ನಿಮಿಷಕ್ಕೆ 170 ಮೆಗಾಬೈಟ್ ತಿನ್ನುತ್ತದೆ. ಎರಡು ಗಂಟೆಯ ರಾಜ್ಯೋತ್ಸವ ಕಾರ್ಯಕ್ರಮವನ್ನು ಪೂರ್ತಿ ಚಿತ್ರಿಸಿದರೆ 20 ಜಿಬಿ. ಇಂತಹವನ್ನು ಲ್ಯಾಪ್‌ಟಾಪಿನಲ್ಲಿಯೇ ಉಳಿಸಿಕೊಳ್ಳುವವರಿಗೆ ಎರಡು ಟೆರಾಬೈಟೂ ಸಾಲದು. ಹೊರಗಿನ ಡ್ರೈವಿಗೆ ಸರಿಸುವವರಿಗೆ 512 ಜಿಬಿ ಸಾಕು.

ಕಾನೂನು ಏನನ್ನು ಮರಳಿಸುತ್ತದೆ?

ಅನೇಕರು ಡ್ರೈವನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರುವ ಯೋಚನೆ ಮಾಡುತ್ತಾರೆ. ಭಾರತದಲ್ಲಿ ಇದರ ಮೇಲಿನ ಜಿಎಸ್‌ಟಿ ಶೇಕಡಾ 18, ಇಲ್ಲಿ 10. ಚಿಪ್ಪಿನ ಬೆಲೆ ಎಲ್ಲೆಡೆ ಏರಿರುವಾಗ ಲಾಭ ಹೆಚ್ಚಿರಲಾರದು. ಅದಕ್ಕಿಂತ ಮುಖ್ಯವಾಗಿ, 2011ರ ಜನವರಿ 1ರಿಂದ ಜಾರಿಯಲ್ಲಿರುವ ಆಸ್ಟ್ರೇಲಿಯಾದ ಗ್ರಾಹಕ ಕಾನೂನಿನ ರಕ್ಷಣೆ ಅಲ್ಲಿ ಕೊಂಡದ್ದಕ್ಕೆ ಸಿಗುವುದಿಲ್ಲ. ಈ ಕಾನೂನಿನ ಪ್ರಕಾರ ವಸ್ತು ಯುಕ್ತವಾದ ಕಾಲದವರೆಗೆ ಬಾಳಬೇಕು; ತಯಾರಕರ ಖಾತರಿ ಮುಗಿದ ಮಾತ್ರಕ್ಕೆ ಗ್ರಾಹಕನ ಹಕ್ಕು ಮುಗಿಯುವುದಿಲ್ಲ. ದೋಷ ದೊಡ್ಡದಾಗಿದ್ದರೆ ಹಣವೋ ಬದಲಿ ವಸ್ತುವೋ ಎಂಬುದನ್ನು ಆರಿಸುವವನು ಗ್ರಾಹಕ, ಅಂಗಡಿಯವನಲ್ಲ.

ಇದು ಕಾಗದದ ಮೇಲಿನ ಮಾತಷ್ಟೇ ಅಲ್ಲ. ಮೆಲ್ಬರ್ನ್ ಮೂಲದ ಕಂಪ್ಯೂಟರ್ ಬಿಡಿಭಾಗಗಳ ಮಾರಾಟ ಸಂಸ್ಥೆ ಎಂಎಸ್‌ವೈ ಟೆಕ್ನಾಲಜಿಗೆ, ಗ್ರಾಹಕರ ಹಕ್ಕುಗಳ ಬಗ್ಗೆ ತಪ್ಪು ಮಾಹಿತಿ ನೀಡಿದ್ದಕ್ಕಾಗಿ 2017ರಲ್ಲಿ ಫೆಡರಲ್ ನ್ಯಾಯಾಲಯ ಏಳೂವರೆ ಲಕ್ಷ ಡಾಲರ್ ದಂಡ ವಿಧಿಸಿತು. ಅಂತಹುದೇ ಕಾರಣಕ್ಕೆ 2011ರಲ್ಲಿಯೂ ಅದು ದಂಡ ತೆತ್ತಿತ್ತು. ಹೊರದೇಶದಿಂದ ಜಾಲದ ಮೂಲಕ ಮಾರುವವರಿಗೂ ಕಾನೂನು ಅನ್ವಯಿಸುತ್ತದೆಂಬುದು ಅಮೆರಿಕದ ವಾಲ್ವ್ ಕಂಪನಿಗೆ 2016ರಲ್ಲಿ ಬಿದ್ದ 30 ಲಕ್ಷ ಡಾಲರ್ ದಂಡದಿಂದ ಸ್ಥಿರಪಟ್ಟಿತು. ಬೇರೆಯವರ ಕೈಯಲ್ಲಿ ದುರಸ್ತಿ ಮಾಡಿಸಿದ ಕಾರಣಕ್ಕೇ ಪರಿಹಾರ ನಿರಾಕರಿಸುವಂತಿಲ್ಲ ಎಂಬ ತತ್ತ್ವ 2018ರಲ್ಲಿ ಆಪಲ್‌ಗೆ ವಿಧಿಸಿದ 90 ಲಕ್ಷ ಡಾಲರ್ ದಂಡದ ಹಿಂದಿದೆ. ಹೀಗಾಗಿ ಹಿಂಬದಿಯ ಮುಚ್ಚಳ ತೆಗೆದು ಡ್ರೈವು ಬದಲಿಸಿದರೆ ಹಕ್ಕುಗಳೆಲ್ಲ ಹೋದವು ಎಂಬ ಅಂಜಿಕೆ ಬೇಡ. ಬದಲಿಸುವಾಗ ನಾವೇ ಏನನ್ನಾದರೂ ಮುರಿದರೆ ಮಾತ್ರ ಅದಕ್ಕೆ ನಾವೇ ಹೊಣೆ. (ಊರಿನಿಂದ ಬಂದ ತಂದೆತಾಯಿಗಳು ಇಲ್ಲಿ ಕೊಂಡ ಲ್ಯಾಪ್‌ಟಾಪನ್ನು ಒಯ್ಯುವುದಾದರೆ, ಒಂದೇ ಅಂಗಡಿಯಲ್ಲಿ 300 ಡಾಲರ್ ಅಥವಾ ಹೆಚ್ಚು ಖರ್ಚು ಮಾಡಿ 60 ದಿನದೊಳಗೆ ಹೊರಟಲ್ಲಿ ವಿಮಾನ ನಿಲ್ದಾಣದಲ್ಲಿ ಜಿಎಸ್‌ಟಿ ಮರಳಿ ಪಡೆಯಬಹುದೆಂಬುದನ್ನು ಮರೆಯಬಾರದು.)

ಆದರೆ ಇದೇ ಕಾನೂನಿನ ನಿಯಮಾವಳಿಯಲ್ಲಿ ಹೆಚ್ಚಿನವರು ಓದದ ಒಂದು ಅಂಶವಿದೆ. ಬಳಕೆದಾರ ತುಂಬಿದ ದತ್ತಾಂಶವನ್ನು ಹಿಡಿದಿಡಬಲ್ಲ ವಸ್ತುವನ್ನು ದುರಸ್ತಿಗೆ ಪಡೆಯುವಾಗ, ಆ ದತ್ತಾಂಶ ಅಳಿಸಿಹೋಗಬಹುದೆಂದು ದುರಸ್ತಿಗಾರ ಲಿಖಿತವಾಗಿ ತಿಳಿಸಬೇಕು. ವೆಂಟ್‌ವರ್ತ್‌ವಿಲ್‌ನ ಸ್ನೇಹಿತರೊಬ್ಬರ ಮನೆಯಲ್ಲಿ ಆದದ್ದು ಇದೇ. ಎರಡೂವರೆ ವರ್ಷದ ಲ್ಯಾಪ್‌ಟಾಪು ಒಂದು ಬೆಳಿಗ್ಗೆ ಏಳಲಿಲ್ಲ. ಖಾತರಿ ಮುಗಿದಿದ್ದರೂ ಅವರು ಕಾನೂನನ್ನು ಉಲ್ಲೇಖಿಸಿ ಬರೆದರು, ತಾಯಿಹಲಗೆಯನ್ನು ಹಣ ಕೇಳದೆ ಬದಲಿಸಿಕೊಟ್ಟರು. ಡ್ರೈವು ಹಲಗೆಗೆ ಬೆಸೆದದ್ದಾಗಿತ್ತು; ಹಳೆಯ ಹಲಗೆಯೊಡನೆ ಅದೂ ಹೋಯಿತು. ಅವರ ತಾಯಿ ಕೊನೆಯ ಬಾರಿಗೆ ಸಿಡ್ನಿಗೆ ಬಂದಿದ್ದಾಗ ಮೊಮ್ಮಗಳಿಗೆ ಹೇಳಿಕೊಟ್ಟ ಸಂಪ್ರದಾಯದ ಹಾಡುಗಳ ಧ್ವನಿಮುದ್ರಣ ಅದರಲ್ಲಿತ್ತು. ದುರಸ್ತಿಯ ರಸೀದಿಯ ಕೆಳಗೆ, ಕಾನೂನು ಹೇಳಿದಂತೆಯೇ, ಸೂಚನೆ ಅಚ್ಚಾಗಿತ್ತು. ನಷ್ಟಕ್ಕೆ ಪರಿಹಾರ ಕೇಳುವ ಅವಕಾಶ ಕಾನೂನಿನಲ್ಲಿದೆ ನಿಜ. ಆ ಧ್ವನಿಯನ್ನು ಮರಳಿಸುವ ಆದೇಶವನ್ನು ಯಾವ ನ್ಯಾಯಮಂಡಳಿ ಕೊಟ್ಟೀತು?

ಪ್ರತಿಗಳ ವಿಷಯ

ಪರದೇಶದಲ್ಲಿರುವ ನಮ್ಮ ಡ್ರೈವುಗಳಲ್ಲಿ ಇರುವುದು ಬಹುಪಾಲು ಇಂಥದೇ. ಕಚೇರಿಯ ಕಡತ ಕಚೇರಿಯಲ್ಲಿ ಇರುತ್ತದೆ, ಸಿನೆಮಾ ಜಾಲದಲ್ಲಿ ಇರುತ್ತದೆ. ನಮ್ಮಲ್ಲಿ ಮಾತ್ರ ಇರುವುದು ಊರಿನ ಮನೆ, ಅಲ್ಲಿಯ ಮುಖಗಳು, ಧ್ವನಿಗಳು. ಇವುಗಳಿಗೆ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಎಂಬ ಛಾಯಾಗ್ರಾಹಕರ ಹಳೆಯ ಸೂತ್ರ ಈಗಲೂ ಸರಿಯಾದದ್ದು.

ಇಲ್ಲಿ ಎಸ್‌ಎಸ್‌ಡಿಯ ಒಂದು ಗುಣವನ್ನು ತಿಳಿದಿರಬೇಕು. ಅದು ಮಾಹಿತಿಯನ್ನು ಕೋಶಗಳಲ್ಲಿ ಸೆರೆಹಿಡಿದ ವಿದ್ಯುದಂಶದ ರೂಪದಲ್ಲಿ ಇಡುತ್ತದೆ. ಆ ಅಂಶ ನಿಧಾನವಾಗಿ ಸೋರುತ್ತದೆ. ಜೆಡೆಕ್ ಎಂಬ ಉದ್ಯಮ ಮಾನಕ ಸಂಸ್ಥೆ ಗೃಹಬಳಕೆಯ ಎಸ್‌ಎಸ್‌ಡಿಯಿಂದ ಕೇಳುವುದು ಇಷ್ಟೇ: ಬರೆಯುವ ಆಯುಸ್ಸನ್ನು ಪೂರ್ತಿ ಸವೆಸಿದ ಡ್ರೈವು, ವಿದ್ಯುತ್ತಿಲ್ಲದೆ, 30 ಡಿಗ್ರಿ ಉಷ್ಣದಲ್ಲಿ, ಒಂದು ವರ್ಷ ಮಾಹಿತಿಯನ್ನು ಕಾಯಬೇಕು. ಹೊಸ ಡ್ರೈವು ಇದಕ್ಕಿಂತ ಬಹಳ ಹೆಚ್ಚು ಕಾಲ ಕಾಯುತ್ತದೆ, ಆದರೆ ಶಾಖ ಏರಿದಂತೆ ಸೋರಿಕೆಯೂ ಏರುತ್ತದೆ. 2020ರ ಜನವರಿ 4ರಂದು ಪೆನ್ರಿತ್‌ನಲ್ಲಿ 48.9 ಡಿಗ್ರಿ ದಾಖಲಾಗಿತ್ತು; ಅಂದು ಅಲ್ಲಿಯ ಗ್ಯಾರೇಜುಗಳ ಒಳಗೆ ಎಷ್ಟಿದ್ದಿರಬಹುದು! ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಇಡುವ ಪ್ರತಿಗೆ ಹಾರ್ಡ್ ಡಿಸ್ಕೇ ಉತ್ತಮ. ಅದು ಕಾಂತೀಯ, ವಿದ್ಯುತ್ತಿಲ್ಲದೆಯೂ ಉಳಿಯುತ್ತದೆ. ಬಿದ್ದರೆ ಕೆಡುತ್ತದೆ, ಅಷ್ಟೆ. ಗಾತ್ರಕ್ಕೆ ಹೋಲಿಸಿದರೆ ಬೆಲೆಯೂ ಕಡಿಮೆ. ಯಾವ ಬಗೆಯದಾದರೂ ವರ್ಷಕ್ಕೊಮ್ಮೆ ಜೋಡಿಸಿ ತೆರೆದು ನೋಡುವುದು ಅವಶ್ಯ. ಜಾಲದ ಮಾರುಕಟ್ಟೆಗಳಲ್ಲಿ ಐವತ್ತು ಡಾಲರಿಗೆ ಹದಿನಾರು ಟೆರಾಬೈಟ್ ಎಂದು ಮಾರುವ ಪುಟ್ಟ ಡ್ರೈವುಗಳು ಮಾತ್ರ ಶುದ್ಧ ಮೋಸ: ಒಳಗಿರುವುದು ಒಂದು ಸಣ್ಣ ಮೆಮೊರಿ ಕಾರ್ಡು, ತುಂಬಿದ ಮೇಲೆ ಹಳೆಯದರ ಮೇಲೆಯೇ ಬರೆಯುತ್ತದೆ.

ಮೂರನೆಯ ಪ್ರತಿ ಮನೆಯ ಹೊರಗೆ ಏಕೆ ಇರಬೇಕೆಂಬುದನ್ನು 2022ರಲ್ಲಿ ಹಾಕ್ಸ್‌ಬರಿ ನದಿಯ ದಂಡೆಯವರೂ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೆಲ್ಬರ್ನಿನ ಮರಿಬರ್ನಾಂಗ್ ದಂಡೆಯವರೂ ಪ್ರವಾಹದಲ್ಲಿ ಕಂಡುಕೊಂಡರು. ಕ್ಲೌಡ್ ಸೇವೆ ಒಂದು ದಾರಿ. ಸೆಕೆಂಡಿಗೆ 20 ಮೆಗಾಬಿಟ್ ಏರಿಸುವ ಎನ್‌ಬಿಎನ್ ಸಂಪರ್ಕದಲ್ಲಿ 500 ಜಿಬಿ ಕಳುಹಿಸಲು 55 ಗಂಟೆ ಹಿಡಿಯುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ವೇಗ ಹೆಚ್ಚಿಸಿಕೊಂಡ ಮನೆಗಳಲ್ಲಿ 50 ಮೆಗಾಬಿಟ್ ದೊರೆತರೆ 22 ಗಂಟೆ. ಒಮ್ಮೆ ಮಾತ್ರ ಪಡುವ ಪಾಡು. ನನಗೆ ಹೆಚ್ಚು ಹಿಡಿಸುವುದು ಇನ್ನೊಂದು ದಾರಿ: ಊರಿಗೆ ಹೋಗುವಾಗ ಒಂದು ಹಾರ್ಡ್ ಡಿಸ್ಕನ್ನು ಅಣ್ಣನ ಮನೆಯ ಬೀರುವಿನಲ್ಲಿಟ್ಟು, ಮುಂದಿನ ಬಾರಿ ಹೊಸದರೊಡನೆ ಬದಲಾಯಿಸಿಕೊಂಡು ಬರುವುದು. ಅಣ್ಣನ ಮಕ್ಕಳೂ ಚಿತ್ರ ನೋಡುತ್ತಾರೆ.

ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪಿನ ವಿಷಯ ಉಳಿದಿದೆ. ಯಂತ್ರ ವಿಂಡೋಸ್ 11ಕ್ಕೆ ಹೊಂದದಿದ್ದರೂ ಅದರ ಡ್ರೈವು ಬಹುಶಃ ಚೆನ್ನಾಗಿಯೇ ಇದೆ. ಬೆಲೆಯೇರಿಕೆಯ ಈ ಕಾಲದಲ್ಲಿ ಅದನ್ನು ಬಿಸಾಡುವುದು ದಡ್ಡತನ. ಎಂ.2 ಆಗಿದ್ದರೆ ಒಂದು ಯುಎಸ್‌ಬಿ ಕವಚ, ಎರಡೂವರೆ ಇಂಚಿನ ಸಾಟಾ ಆಗಿದ್ದರೆ ಒಂದು ಕೇಬಲ್ ಕೊಂಡರೆ ಸಾಕು, ಅದೇ ಎರಡನೆಯ ಪ್ರತಿಯ ಡ್ರೈವಾಗುತ್ತದೆ. ಹೊರತೆಗೆಯುವ ಮುನ್ನ ಬಿಟ್‌ಲಾಕರ್ ಗೂಢಲಿಪೀಕರಣ ಚಾಲೂ ಇದೆಯೇ ಎಂದು ನೋಡಿ, ಅದರ 48 ಅಂಕೆಗಳ ಚೇತರಿಕೆ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಇದು ನಾವು ಕೇಳದೆಯೇ ಚಾಲೂ ಆಗಿರುವುದು ಸಾಮಾನ್ಯ, ಕೀಲಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಕುಳಿತಿರುತ್ತದೆ. ಆ ಖಾತೆಯ ಗುಪ್ತಪದವನ್ನು ಮರೆತ ಮನೆಯಲ್ಲಿ ಡ್ರೈವು ಕೆಡದೆಯೂ ಎಲ್ಲವೂ ಹೋದಂತೆಯೇ. ಉಳಿದ ಯಂತ್ರವನ್ನು ಕೆಂಪು ಮುಚ್ಚಳದ ಡಬ್ಬಕ್ಕೆ ಹಾಕುವಂತಿಲ್ಲ. ವಿಕ್ಟೋರಿಯಾದಲ್ಲಿ 2019ರ ಜುಲೈ 1ರಿಂದ ವಿದ್ಯುನ್ಮಾನ ತ್ಯಾಜ್ಯವನ್ನು ನೆಲಭರ್ತಿಗೆ ಕಳುಹಿಸುವುದು ನಿಷಿದ್ಧ. ಎರಡೂ ನಗರಗಳಲ್ಲಿ ಕೌನ್ಸಿಲ್‌ನ ಮರುಬಳಕೆ ಕೇಂದ್ರಗಳೂ ಕೆಲವು ದೊಡ್ಡ ಅಂಗಡಿಗಳೂ ಇದನ್ನು ತೆಗೆದುಕೊಳ್ಳುತ್ತವೆ. ಡ್ರೈವನ್ನು ಮೊದಲು ಹೊರತೆಗೆದಿಟ್ಟುಕೊಂಡು ಕೊಡಿ.